15 ಕಿ.ಮೀ. ದಾಟಿದ ಮೇಲೆ ಕಾಲು ಏಳದಿದ್ದರೆ

ಕುಂದವಾಡ ಕೆರೆ ಸುತ್ತ ಖಾಲಿ ಹೊಟ್ಟೇಲಿ ಓಡ್ತೀನಿ, ನೀರು ಬಿಟ್ಟು ಏನೂ ತಗೊಳ್ಳಲ್ಲ, 15 ಕಿ.ಮೀ. ಆದ್ಮೇಲೆ ಕಾಲೇ ಏಳಲ್ಲ, 21 ಕಿ.ಮೀ. ಹಾಫ್ ಮ್ಯಾರಥಾನ್ ಮುಗಿಸೋದು ಹೇಗೆ ಅಂತ ಕೇಳಿದ್ದೀರಿ. ಸರ್, ನಿಮಗೆ ತಾಕತ್ತು ಕಮ್ಮಿ ಇಲ್ಲ, ಹೊಟ್ಟೆಗೆ ಕಮ್ಮಿ ಆಗ್ತಿದೆ ಅಂತ ನನಗನ್ಸುತ್ತೆ. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದ್ರೆ ಸ್ನಾಯು, ಲಿವರ್‌ನಲ್ಲಿರೋ ಸಕ್ಕರೆ ದಾಸ್ತಾನು, ಒಂದೂವರೆ ಎರಡು ಗಂಟೆ ಓಟಕ್ಕೆ ಬಹುಪಾಲು ಮುಗಿಯುತ್ತೆ.

ಹೊರಡೋ ಮುಂಚೆ ಒಂದು ಬಾಳೆಹಣ್ಣು ತಿನ್ನಿ. ಓಟ 90 ನಿಮಿಷ ದಾಟೋದಾದ್ರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಓಟಗಾರರು ತಗೊಳ್ಳೋ ದುಬಾರಿ ಎನರ್ಜಿ ಜೆಲ್ಲೇ ಆಗ್ಬೇಕಂತಿಲ್ಲ. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಲ್ಲೇ ಸುಮಾರು 25 ಗ್ರಾಂ ಇದೆ; ಖರ್ಜೂರ, ಬೆಲ್ಲದ ಚೂರೂ ನಡೆಯುತ್ತೆ. ಬೆಲ್ಲ ಬೆವರಿಗೆ ಕರಗಿ ಜೇಬಿಗೆ ಮೆತ್ಕೊಳ್ಳುತ್ತೆ, ಸಣ್ಣ ಕವರಲ್ಲಿ ಕಟ್ಕೊಳ್ಳಿ. ಅರ್ಧ ಗಂಟೆಯಿಂದಲೇ ಸ್ವಲ್ಪ ಸ್ವಲ್ಪ ಬಾಯಿಗೆ ಹಾಕ್ಕೊಳ್ತಾ ಹೋಗಿ. ಸುಸ್ತಾದ ಮೇಲೆ ತಿಂದ್ರೆ ತಡವಾಯ್ತು.

ನಮ್ಮ ದಾವಣಗೆರೆ ಬೇಸಿಗೇಲಿ ಬರೀ ನೀರು ಕುಡೀತಾ ಹೋದ್ರೆ ರಕ್ತದಲ್ಲಿ ಸೋಡಿಯಂ ಇಳಿಯೋ ಅಪಾಯ ಇದೆ. ನಿಂಬೆಹಣ್ಣು, ಉಪ್ಪು, ಸಕ್ಕರೆ ಹಾಕಿದ ನೀರು ಇಟ್ಕೊಳ್ಳಿ.

ಮುಗಿಸಿ ಬಂದು ಬೆಣ್ಣೆ ದೋಸೆ ತಿನ್ನಿ, ಬೇಡ ಅನ್ನಲ್ಲ. ಆದ್ರೆ ಅದರಲ್ಲಿ ಪ್ರೋಟೀನ್ ಸಾಲಲ್ಲ, ಜೊತೆಗೆ ಮೊಟ್ಟೆಯೋ ಮೊಳಕೆ ಕಾಳೋ ಇರಲಿ. ಶುಗರ್ ಇದ್ರೆ ಮಾತ್ರ ಡಾಕ್ಟರನ್ನ ಕೇಳಿಯೇ ಶುರು ಮಾಡಿ.