ಎರಡು ಕೈಗೆ ಎರಡು ಬಿಪಿ: ಸ್ಟೀರಾಯ್ಡ್ ನಿಲ್ಲಿಸಬಹುದಾ?

ಪ್ರಶ್ನೆ: ಮಗಳಿಗೆ 24 ವರ್ಷ. ಬಟ್ಟೆ ಹಿಂಡಿ ಹರವುವಷ್ಟರಲ್ಲಿ ಎಡಗೈ ಸೋತುಹೋಗುತ್ತಿತ್ತು. ಆಗಾಗ ಸಣ್ಣ ಜ್ವರ, ತೂಕವೂ ಇಳಿದಿತ್ತು. ರಕ್ತ ಕಡಿಮೆ ಎಂದು ಟಾನಿಕ್ ಕೊಟ್ಟರು. ಕೊನೆಗೆ ಬಿಪಿ ನೋಡಿದರೆ ಎಡಗೈಯಲ್ಲಿ 90, ಬಲಗೈಯಲ್ಲಿ 150! ಸ್ಕ್ಯಾನ್ ಮಾಡಿ ಟಕಯಾಸು ಕಾಯಿಲೆ ಎಂದರು. ಸ್ಟೀರಾಯ್ಡ್ ಮಾತ್ರೆಯಿಂದ ಜ್ವರ ಹೋಗಿದೆ, ಮುಖ ಊದಿದೆ. ಗಂಡು ನೋಡುತ್ತಿದ್ದೇವೆ. ಮಾತ್ರೆ ನಿಲ್ಲಿಸಬಹುದಾ? ಮುಂದೆ ಮಕ್ಕಳಾಗುತ್ತವಾ?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ ಅಮ್ಮ. ಕೆಲವು ವಾರ ಸ್ಟೀರಾಯ್ಡ್ ತೆಗೆದುಕೊಂಡ ಮೇಲೆ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಥಟ್ಟನೆ ಬಿಟ್ಟರೆ ವಾಂತಿ, ಸುಸ್ತು, ಬಿಪಿ ಕುಸಿದು ಜೀವಕ್ಕೇ ಅಪಾಯ ಆಗಬಹುದು. ಕಾಯಿಲೆಯೂ ಮರಳಿ ಕೆರಳುತ್ತದೆ. ಡೋಸ್ ಇಳಿಸುತ್ತಾ ಹೋದಂತೆ ಮುಖದ ಊತ ಇಳಿಯುತ್ತದೆ. ಆದರೆ ಇಳಿಸುವುದು ವೈದ್ಯರ ಕೆಲಸ, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ಟಕಯಾಸು ಎಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಮತ್ತು ಅದರ ಕವಲುಗಳ ಉರಿಯೂತ. ರೋಗದ ವಿರುದ್ಧ ಹೋರಾಡಬೇಕಾದ ಶಕ್ತಿಯೇ ರಕ್ತನಾಳದ ಗೋಡೆಯ ಮೇಲೆ ತಿರುಗಿಬೀಳುತ್ತದೆ. ಗೋಡೆ ದಪ್ಪವಾಗಿ ಒಳದಾರಿ ಕಿರಿದಾಗುತ್ತದೆ. 1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ಟಕಯಾಸು ಒಬ್ಬ ಯುವತಿಯ ಕಣ್ಣಿನಲ್ಲಿ ಇದರ ಗುರುತು ಕಂಡರು. ಇಂದಿಗೂ ಇದು ಜಾಸ್ತಿ ಕಾಣುವುದು 40ರೊಳಗಿನ ಹೆಣ್ಣುಮಕ್ಕಳಲ್ಲೇ. ‘ಸುಸ್ತು’ ಎಂದು ಬಂದ ಹುಡುಗಿಯ ಎರಡೂ ಮಣಿಕಟ್ಟು ಹಿಡಿದು ನಾಡಿ ನೋಡಲು ಒಂದು ನಿಮಿಷ ಸಾಕು. ಅದನ್ನೂ ಮಾಡದೆ ಟಾನಿಕ್ ಬರೆಯುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ಈಗ ಒಂದು ಕೆಲಸ ಮಾಡಿ. ಫೈಲಿನ ಮೇಲೆ ದಪ್ಪ ಅಕ್ಷರದಲ್ಲಿ ‘ಬಿಪಿ ಬಲಗೈಯಲ್ಲಿ ನೋಡಿ’ ಎಂದು ಬರೆದಿಡಿ. ಎಡಗೈಯ 90 ನಿಜವಾದ ಬಿಪಿ ಅಲ್ಲ, ಅಲ್ಲಿ ದಾರಿ ಕಟ್ಟಿದೆ ಅಷ್ಟೆ. ಯಾರಾದರೂ ಅದನ್ನು ನಂಬಿ ಬಿಪಿ ಮಾತ್ರೆ ತಪ್ಪಿಸಿದರೆ ಕಷ್ಟ. ನಮ್ಮ ದೇಶದಲ್ಲಿ ಕಿಡ್ನಿಗೆ ಹೋಗುವ ರಕ್ತನಾಳ ಕಿರಿದಾಗಿ ಬಿಪಿ ಏರುವುದು ಸಾಮಾನ್ಯ. ಸ್ಕ್ಯಾನಿನಲ್ಲಿ ಹೊಟ್ಟೆಯ ಭಾಗವನ್ನೂ ನೋಡಿದ್ದಾರಾ, ಕೇಳಿ.

ಉರಿಯೂತ ತೋರಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ನಾರ್ಮಲ್ ಬಂದರೆ ಸಂತೋಷ. ಆದರೂ ಒಳಗೆ ಉರಿಯೂತ ಮುಂದುವರಿದಿರಬಹುದು, ಹಾಗಾಗಿ ವೈದ್ಯರು ಹೇಳಿದಾಗ ಸ್ಕ್ಯಾನ್ ತಪ್ಪಿಸಬೇಡಿ. ರುಮಟಾಲಜಿಸ್ಟ್ (ಇಂಥ ಉರಿಯೂತದ ಕಾಯಿಲೆಗಳ ತಜ್ಞರು) ಬಳಿ ಹೋಗುತ್ತಿರಲಿ. ಸ್ಟೀರಾಯ್ಡ್ ಇಳಿಸಲು ಅವರು ಉರಿಯೂತ ತಗ್ಗಿಸುವ ಮೆಥೋಟ್ರೆಕ್ಸೇಟ್ ಮಾತ್ರೆ ಕೊಟ್ಟರೆ ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ವಿಷವಾಗುತ್ತದೆ. ಸ್ಟೀರಾಯ್ಡ್ ನುಂಗುತ್ತಿರುವುದರಿಂದ ಕ್ಯಾಲ್ಸಿಯಂ, ವಿಟಮಿನ್ ಡಿ ಬಗ್ಗೆ ಕೇಳಿ, ಸಕ್ಕರೆ ಪರೀಕ್ಷೆಯೂ ಆಗಲಿ. ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ ಕಡಿಮೆ ಇರಲಿ.

ಮದುವೆಗೆ ಅಡ್ಡಿ ಇಲ್ಲ. ಹುಡುಗನಿಗೆ ಮುಂಚೆಯೇ ವಿಷಯ ಹೇಳಿ, ಮುಚ್ಚಿಟ್ಟರೆ ಮಗಳು ಮಾತ್ರೆಯನ್ನೂ ಕದ್ದು ನುಂಗಬೇಕಾಗುತ್ತದೆ. ಈ ಕಾಯಿಲೆ ಇರುವ ಎಷ್ಟೋ ಹೆಣ್ಣುಮಕ್ಕಳು ತಾಯಂದಿರಾಗಿದ್ದಾರೆ. ಆದರೆ ಕಾಯಿಲೆ ತಣ್ಣಗಿದ್ದು, ಬಿಪಿ ಹಿಡಿತದಲ್ಲಿರಬೇಕು. ಮೆಥೋಟ್ರೆಕ್ಸೇಟ್ ಮಗುವಿಗೆ ಹಾನಿ ಮಾಡುತ್ತದೆ, ಕೆಲವು ಬಿಪಿ ಮಾತ್ರೆಗಳೂ ಅಷ್ಟೆ. ಮಗು ಬೇಕು ಅನ್ನಿಸಿದಾಗ ಕೆಲವು ತಿಂಗಳು ಮೊದಲೇ ವೈದ್ಯರಿಗೆ ತಿಳಿಸಲಿ, ಅವರು ಔಷಧ ಬದಲಿಸಿಕೊಡುತ್ತಾರೆ.