ಸ್ಮಿಯರ್ ನೆಗೆಟಿವ್ ಬಂದರೆ ಸಾಲದು

ಪುಣೆಯಲ್ಲಿರುವ ನಿಮ್ಮ ಕುದುರೆಗೆ ಪದೇ ಪದೇ ಜ್ವರ ಬರುತ್ತಿದೆ, ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತದ ಸ್ಮಿಯರ್‌ನಲ್ಲಿ ಏನೂ ಸಿಗಲಿಲ್ಲ, ಹಾಗಾದರೆ ಉಣುಗಿನಿಂದ ಬರುವ ಕಾಯಿಲೆ ಅಲ್ಲ ಅಂತಲಾ ಎಂದು ಕೇಳಿದ್ದೀರಿ. ಹಾಗೆ ಹೇಳೋಕಾಗಲ್ಲ.

ಜ್ವರ ಏರಿದ್ದಾಗ ತೆಗೆದ ಸ್ಮಿಯರ್‌ಗೇ ಬೆಲೆ ಜಾಸ್ತಿ. ಉಣುಗು ಹರಡುವ ಪರಾವಲಂಬಿ ಥೈಲೇರಿಯಾ ಈಕ್ವಿ ಇದ್ದರೆ ಕೆಂಪು ರಕ್ತಕಣದೊಳಗೆ ನಾಲ್ಕು ಚುಕ್ಕಿಗಳು ಶಿಲುಬೆಯಾಕಾರದಲ್ಲಿ ಕಾಣಬಹುದು. ಅಂಥದ್ದೇ ಇನ್ನೊಂದು ಪರಾವಲಂಬಿ ಬಬೇಸಿಯಾ ಕ್ಯಾಬಲ್ಲಿ ಆದರೆ ಎರಡು ಜೋಡಿಯಾಗಿ ಇರುತ್ತವೆ. ಆದರೆ ಬಬೇಸಿಯಾ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ ಕಣಗಳಲ್ಲಿರುತ್ತದೆ, ಅನುಭವಿ ಕಣ್ಣಿಗೂ ತಪ್ಪಿಹೋಗುತ್ತೆ. ಜ್ವರ ಇಳಿದು ರೋಗ ಒಳಗೇ ಉಳಿದ ಕುದುರೆಯಲ್ಲಂತೂ ಇನ್ನೂ ಕಷ್ಟ.

ಹಾಗಾಗಿ ಡಾಕ್ಟರ್ ಹತ್ತಿರ ಪಿಸಿಆರ್ ಮತ್ತು ಎಲಿಸಾ ಎರಡನ್ನೂ ಕೇಳಿ. ಪಿಸಿಆರ್ ಪರಾವಲಂಬಿಯ ಡಿಎನ್‌ಎ ಹುಡುಕುತ್ತದೆ, ಎಲಿಸಾ ಪ್ರತಿಕಾಯ, ಅಂದರೆ ರೋಗದ ವಿರುದ್ಧ ದೇಹ ತಯಾರಿಸುವ ಪ್ರೋಟೀನ್. ಸೋಂಕು ತಗುಲಿದ ಹೊಸದರಲ್ಲಿ ಪ್ರತಿಕಾಯ ಇರಲ್ಲ, ಎಲಿಸಾ ಒಂದನ್ನೇ ನಂಬಬೇಡಿ. ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಈ ರೋಗದ ಪರೀಕ್ಷೆ ಇದೆ. ಔಷಧಿ ಕೊಡುವ ಮೊದಲೇ ರಕ್ತ ತೆಗೆಸಿ, ಅದು ಮುಖ್ಯ. ಈ ರೋಗಕ್ಕೆ ಕೊಡುವ ಔಷಧಿ ಇಮಿಡೋಕಾರ್ಬ್ ಸುಮ್ನೆ ಹಾಕಿಸಬೇಡಿ, ಕುದುರೆಗೆ ಹೊಟ್ಟೆನೋವು ತರಬಹುದು.

ಲಾಯ ನೋಡಿಕೊಳ್ಳುವ ನಮ್ಮ ಕಲಬುರಗಿ, ವಿಜಯಪುರ ಕಡೆಯ ಹುಡುಗರಿಗೆ ಕನ್ನಡದಲ್ಲೇ ಬಿಡಿಸಿ ಹೇಳಿ: ಕಿವಿಯ ಒಳಗೆ, ಜೂಲಿನ ಬುಡ, ಬಾಲದ ಕೆಳಗೆ ದಿನವೂ ಬೆರಳಾಡಿಸಿ ಉಣುಗು ನೋಡಬೇಕು. ವಸಡು ಹಳದಿಯಾದರೆ, ಮೂತ್ರ ಕೆಂಪಾದರೆ ನಾಳೆಗೆ ಬಿಡದೆ ಅವತ್ತೇ ಡಾಕ್ಟರನ್ನು ಕರೆಸಿ.