ತುಪ್ಪ ಬಿಟ್ಟರೂ ನನ್ನ ಕೊಲೆಸ್ಟ್ರಾಲ್ ಯಾಕೆ ಇಳೀತಿಲ್ಲ?

ವಯಸ್ಸು 31, ತೆಳ್ಳಗಿದ್ದೀರಿ, ಆರು ತಿಂಗಳಿಂದ ಎಣ್ಣೆ-ತುಪ್ಪ ಮುಟ್ಟಿಲ್ಲ. ಆದರೂ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 228ರಿಂದ ಬರೀ 209ಕ್ಕೆ ಇಳಿದಿದೆ, ಎಲ್ಲಿ ತಪ್ಪುತ್ತಿದ್ದೇನೆ ಅಂತ ಕೇಳಿದ್ದೀರಿ. ನಿಮ್ಮದೇನೂ ತಪ್ಪಿಲ್ಲ. ನಾನು ಡಾಕ್ಟರಲ್ಲ, ಬಹುಶಃ ನಿಮಗಿರುವ, ವಂಶದಿಂದ ಬರುವ ಕಾಯಿಲೆಯೇ ಇರುವವನು.

ನಮ್ಮಪ್ಪನ ಹಿಮ್ಮಡಿ ಮೇಲಿನ ಗಟ್ಟಿ ಹುರಿ (ಟೆಂಡನ್) ಹೆಬ್ಬೆರಳಿನಷ್ಟು ದಪ್ಪ ಇತ್ತು. ಚಪ್ಪಲಿ ಪಟ್ಟಿ ಉಜ್ಜಿ ಹಾಗಾಗಿದೆ ಅಂತಲೇ ಅಂದುಕೊಂಡಿದ್ದೆವು. ಕೈಗೆಣ್ಣುಗಳ ಮೇಲೂ ಗಂಟು. ಮುಟ್ಟಿದರೆ ನೋವಿಲ್ಲ, ಚರ್ಮದ ಕೆಳಗೆ ಹುಣಸೆಬೀಜ ಇಟ್ಟ ಹಾಗೆ. 43ಕ್ಕೆ ಹಾರ್ಟ್ ಅಟ್ಯಾಕ್ ಆಗಿ ಹೋದರು. ಎಷ್ಟೋ ವರ್ಷದ ಮೇಲೆ ಒಬ್ಬ ಡಾಕ್ಟರು ನನ್ನ ಹಿಮ್ಮಡಿ ಹಿಸುಕಿ ನೋಡಿ, ಇಲ್ಲಿ ಕೊಲೆಸ್ಟ್ರಾಲ್ ಕೂತಿದೆ ಅಂದರು. ಅಪ್ಪನ ಕಾಲು ಆಗ ನೆನಪಾಯಿತು.

ಇದರ ಹೆಸರು ಫೆಮಿಲಿಯಲ್ ಹೈಪರ್‌ಕೊಲೆಸ್ಟರಾಲೆಮಿಯಾ. ಅಂದರೆ ವಂಶದಿಂದ ಬರುವ ಅತಿ ಕೊಲೆಸ್ಟ್ರಾಲ್. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ರಕ್ತದಲ್ಲಿರುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆಯಲು ಲಿವರ್ ಜೀವಕೋಶಗಳ ಮೇಲೆ ರಿಸೆಪ್ಟರ್‌ಗಳಿರುತ್ತವೆ. ಅವನ್ನು ಮಾಡುವ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಒಂದು ಕೆಟ್ಟಿದ್ದರೆ ಕೆಲಸ ಮಾಡುವ ರಿಸೆಪ್ಟರ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇದನ್ನು ಕಂಡುಹಿಡಿದ ವಿಜ್ಞಾನಿಗಳಾದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು. ಹುಟ್ಟಿದಾಗಿನಿಂದಲೇ ಎಲ್‌ಡಿಎಲ್ ಜಾಸ್ತಿ ಇರುವುದರಿಂದ ರಕ್ತನಾಳಕ್ಕೆ ಪೆಟ್ಟು ಬೀಳುವುದೂ ಚಿಕ್ಕಂದಿನಲ್ಲೇ ಶುರು.

ಇದಕ್ಕೆ ಉಲ್ಟಾ ಇರುವವರೂ ಇದ್ದಾರೆ. ಪಿಸಿಎಸ್‌ಕೆ9 ಅನ್ನೋ ಜೀನ್ ರಿಸೆಪ್ಟರ್‌ಗಳನ್ನು ನಾಶ ಮಾಡಿಸುತ್ತದೆ. ಅಮೆರಿಕದ ಕೆಲವು ಕಪ್ಪು ಜನರಲ್ಲಿ ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿರುತ್ತದೆ. ಅವರ ಎಲ್‌ಡಿಎಲ್ 28% ಕಡಿಮೆ, ಹೃದಯದ ಕಾಯಿಲೆ 88% ಕಡಿಮೆ ಅಂತ 2006ರಲ್ಲಿ ಗೊತ್ತಾಯಿತು. ಹುಟ್ಟಿನಿಂದ ಕಡಿಮೆ ಇದ್ದರೆ ಎಷ್ಟು ಲಾಭ ನೋಡಿ! ಇದನ್ನು ಓದಿದ ಮೇಲೆ ನಾನು ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ.

ಮಾತ್ರೆ ಅಭ್ಯಾಸವಾಗಿಬಿಡುತ್ತೆ ಅಂತ ಹೆದರಿದ್ದೀರಿ, ಅಲ್ವಾ? ಸ್ಟಾಟಿನ್ ಅನ್ನೋ ಕೊಲೆಸ್ಟ್ರಾಲ್ ಮಾತ್ರೆ ತಗೊಂಡರೆ ಲಿವರ್ ತಾನೇ ಮಾಡುವ ಕೊಲೆಸ್ಟ್ರಾಲ್ ಕಡಿಮೆಯಾಗುತ್ತದೆ. ಆಗ ಅದು ರಕ್ತದಿಂದ ಎಳೆದುಕೊಳ್ಳಲು ಇನ್ನಷ್ಟು ರಿಸೆಪ್ಟರ್ ಮಾಡುತ್ತದೆ. ಅಂದರೆ ನಿಮ್ಮಲ್ಲಿರುವ ಒಳ್ಳೇ ಜೀನ್‌ನಿಂದಲೇ ಜಾಸ್ತಿ ಕೆಲಸ ತೆಗೆಸುತ್ತದೆ. ನನಗೆ ಸ್ಟಾಟಿನ್ ಜೊತೆ ಎಜೆಟಿಮೈಬ್ ಅನ್ನೋ ಇನ್ನೊಂದು ಮಾತ್ರೆ ಕೊಟ್ಟರು, 236 ಇದ್ದದ್ದು 94ಕ್ಕೆ ಬಂತು. ನಿಮಗೆ ಯಾವುದು, ಎಷ್ಟು ಅನ್ನೋದನ್ನು ಹೃದಯದ ಡಾಕ್ಟರೇ ಹೇಳಬೇಕು. ಥೈರಾಯ್ಡ್ ಕೂಡ ನೋಡಿಸಿ, ಅದು ಕಡಿಮೆಯಿದ್ದರೂ ಎಲ್‌ಡಿಎಲ್ ಏರುತ್ತದೆ.

ನಿಮ್ಮಪ್ಪನಿಗೆ 46ಕ್ಕೇ ಸ್ಟೆಂಟ್ ಹಾಕಿದ್ದಾರೆ, ತಂಗಿ ಇನ್ನೂ ಟೆಸ್ಟೇ ಮಾಡಿಸಿಲ್ಲ ಅಂತ ಬರೆದಿದ್ದೀರಿ. ನನಗೆ ನಿಮಗಿಂತ ತಂಗಿಯದ್ದೇ ಚಿಂತೆ. ಜೀನ್ ಅಪ್ಪನಿಂದ ಬಂದಿದ್ದರೆ ತಂಗಿಗೂ ಇರುವ ಸಾಧ್ಯತೆ ಅರ್ಧಕ್ಕರ್ಧ. ನನ್ನ ಮಗನಿಗೆ 9ನೇ ವಯಸ್ಸಿಗೆ ನೋಡಿಸಿದಾಗ ಎಲ್‌ಡಿಎಲ್ 178 ಇತ್ತು, ಮಗಳಿಗೆ 90. ತಂಗಿಯ ಮದುವೆ ಮಾತು ನಡೀತಿದೆ, ಹೊರಗೆ ಗೊತ್ತಾದರೆ ಅಂತ ಮನೆಯಲ್ಲಿ ಹಿಂಜರಿಯಬಹುದು. ನಮ್ಮಲ್ಲೂ ಹಾಗೇ ಆಗಿತ್ತು. ಜೀನ್ ಟೆಸ್ಟ್ ಆಮೇಲೆ ನೋಡಿದರಾಯಿತು. ಸದ್ಯಕ್ಕೆ ಮಾಮೂಲಿ ಲಿಪಿಡ್ ಪ್ರೊಫೈಲ್ (ರಕ್ತದ ಕೊಲೆಸ್ಟ್ರಾಲ್ ಟೆಸ್ಟ್) ಸಾಕು, ಈ ವಾರವೇ ಕರೆದುಕೊಂಡು ಹೋಗಿ.